ದ್ಯಾಮವ್ವನಿಗೆ ನಾನು ಕಣ್ಣು ಬರೆದದ್ದು

ಜೈಲಿನಲ್ಲಿ ಚಿತ್ರ ಕಲಿಸಲು ಹೊರಟವರು ಒಬ್ಬಿಬ್ಬರು ಈಚೆಗೆ ಲಿಂಗಸುಗೂರಿನ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಒಳ್ಳೆಯವರು. ಕೈಯಲ್ಲಿ ನೋಟ್‌ಬುಕ್ಕು, ಮುಖದಲ್ಲಿ ಲೋಕೋದ್ಧಾರದ ಕಳೆ. "ಸರ್, ಕಲೆಯಿಂದ ಕೈದಿಗಳ ಮನಸ್ಸು ಹೇಗೆ ಬದಲಾಗುತ್ತದೆ?" ಎಂದು ಕೇಳುತ್ತಾರೆ. ನಾನು ಕನ್ನಡಕ ಒರೆಸಿಕೊಂಡು, "ಕೈದಿಗಳದ್ದು ನನಗೆ ಗೊತ್ತಿಲ್ಲ. ಡ್ರಾಯಿಂಗ್ ಮಾಸ್ತರನದು ಬದಲಾದದ್ದು ಗೊತ್ತು" ಎನ್ನುತ್ತೇನೆ. ಅವರು ಅದನ್ನು ವಿನಯವೆಂದು ಬರೆದುಕೊಳ್ಳುತ್ತಾರೆ. ವಿನಯವಲ್ಲ, ತಪ್ಪೊಪ್ಪಿಗೆ. ಅದರ ವಿವರ ಇಲ್ಲಿದೆ.

ನಾನು ಸರಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು. ಸೇವೆಯ ಕಡೆಯ ಕೆಲವು ವರ್ಷ, ಪ್ರತಿ ಬುಧವಾರ, ನಮ್ಮ ಭಾಗದ ಒಂದು ಸಣ್ಣ ಜೈಲಿಗೆ ಹೋಗಿ ವಿಚಾರಣೆಯಲ್ಲಿರುವ ಕೈದಿಗಳಿಗೆ ಚಿತ್ರ ಕಲಿಸಬೇಕೆಂದು ಹುಕುಂ ಬಂತು. ಯಾವ ಊರಿನ ಜೈಲು ಎಂದು ಹೇಳುವುದಿಲ್ಲ. ಆಗ ಒಳಗಿದ್ದವರು ಈಗ ಹೊರಗಿದ್ದಾರೆ. ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ.

ಮೊದಲ ದಿನ ನಾನು ಒಯ್ದ ಸಾಮಾನನ್ನೆಲ್ಲ ಬಾಗಿಲ ಕಾವಲಿನವನು ಮೇಜಿನ ಮೇಲೆ ಹರಡಿದ. ಬ್ಲೇಡು ಬರುವ ಹಾಗಿಲ್ಲ. ಕಂಪಾಸು ಬರುವ ಹಾಗಿಲ್ಲ, ಮೊನೆ ಇದೆ. ಬಣ್ಣದ ಬಾಟಲಿ ಬರುವ ಹಾಗಿಲ್ಲ, ಗಾಜು ಇದೆ. ಕೊನೆಗೆ ಒಳಗೆ ಹೋಗಲು ಪರವಾನಿಗೆ ಸಿಕ್ಕಿದ್ದು ಕಾಗದಕ್ಕೆ, ಚಾಕು ಕಾಣದ ಮೊಂಡು ಪೆನ್ಸಿಲ್ಲುಗಳಿಗೆ ಮತ್ತು ನನಗೆ. ನಮ್ಮಲ್ಲಿ ಯಾರಿಗೂ ಮೊನೆ ಇಲ್ಲವೆಂದು ಸರಕಾರಕ್ಕೆ ಖಾತ್ರಿಯಾಗಿತ್ತು.

ಬಣ್ಣದ ತೊಂದರೆಯನ್ನು ಕೈದಿಗಳೇ ಬಿಡಿಸಿದರು. ಅಡುಗೆ ಕೋಣೆಯ ಹಂಚಿನ ಮಸಿ ಕಪ್ಪಾಯಿತು. ಅರಿಷಿಣ ಇತ್ತು. ಅಂಗಳದ ಇಟ್ಟಂಗಿ ಚೂರನ್ನು ಕಲ್ಲಿನ ಮೇಲೆ ತೇದರೆ ಕೆಂಪು, ಗೋಡೆಗೆ ಹೊಡೆದು ಉಳಿದ ಸುಣ್ಣ ಬಿಳುಪು. ಅಂಗಳದ ಬೇವಿನ ಮರದ ಅಂಟು ಇವನ್ನೆಲ್ಲ ಹಿಡಿದಿಡುತ್ತಿತ್ತು. ಕಡ್ಡಿಯ ತುದಿ ಜಗಿದರೆ ಕುಂಚ. ಸಂಬಳಕ್ಕೆ ಕಲಿಸಲು ಹೋದವನು ನಾನು. ಬಣ್ಣ ಕೂಡಿಸುವುದನ್ನು ಪುಕ್ಕಟೆ ಕಲಿಸಿದವರು ಅವರು.

ಜೈಲರ್ ಸಾಹೇಬರು ಒಳ್ಳೆಯವರು, ಆದರೆ ಅವರಿಗೆ ನೀತಿವಾಕ್ಯದ ಚಟ. ಯಾವ ಚಿತ್ರ ತೋರಿಸಿದರೂ, "ಮಾಸ್ತರ, ಕೆಳಗ ಏನಾರ ಒಂದು ಬೋಧನೆ ಬರಸ್ರಿ" ಎನ್ನುವರು. ಒಬ್ಬ ಮಾವಿನಹಣ್ಣು ಬರೆದರೆ ಅದರ ಕೆಳಗೆ ಕಳ್ಳತನ ಕೂಡದು ಎಂದಾಯಿತು. ಇನ್ನೊಬ್ಬ ತನ್ನ ಊರಿನ ಬಾವಿ ಬರೆದ. ಸಾಹೇಬರು ಬಹಳ ಹೊತ್ತು ಯೋಚಿಸಿ, "ಆತ್ಮಹತ್ಯೆ ಪಾಪ" ಎಂದು ಬರೆಸಿದರು. ಬರೆದವನು ಮುಂದೆ ನೀರಿನ ಸುದ್ದಿಗೇ ಹೋಗಲಿಲ್ಲ.

ನಮ್ಮ ಮೊದಲ ಪ್ರದರ್ಶನ ಸಿಂಧನೂರಿನಲ್ಲಿ, ಒಂದು ಬುದ್ಧವಿಹಾರದ ಹಾಲಿನಲ್ಲಿ ನಡೆಯಿತು. ಪ್ರತಿ ಚಿತ್ರದ ಕೆಳಗೆ ಚೀಟಿ ಇರಲೆಂದು ನಿಯಮ ಹೇಳಿದ್ದರಿಂದ ಹೆಸರು, ಊರು, ಕೇಸಿನ ಕಲಮು ಎಲ್ಲವನ್ನೂ ನನ್ನ ಸುಂದರ ಅಕ್ಷರದಲ್ಲಿ ಬರೆದು ಅಂಟಿಸಿದೆ. ಬಂದವರೆಲ್ಲ ಚೀಟಿ ಓದಿದರು, ಚಿತ್ರ ನೋಡಿದವರು ಕಡಿಮೆ. ಗೊರೇಬಾಳದ ಒಬ್ಬ ಕೈದಿ ಗದ್ದೆಯ ನೀರಿನಲ್ಲಿ ಮಲಗಿದ ತನ್ನ ಎಮ್ಮೆಯನ್ನು ಬರೆದಿದ್ದ. ಎಂಥ ಎಮ್ಮೆ! ನೊಣ ಕೂಡುತ್ತದೇನೋ ಎನ್ನುವ ಹಾಗೆ. ಒಬ್ಬ ಅಂಗಡಿ ಸಾಹುಕಾರರು ಅದರ ಮುಂದೆ ನಿಂತು ಚೀಟಿ ಓದಿ, "ಎಮ್ಮಿ ಛಂದೈತಿ. ಇದನ್ನ ಕದ್ದಾನೇನ್ರೀ ಇವ?" ಎಂದು ಗಟ್ಟಿಯಾಗಿ ಕೇಳಿದರು. ಗಂಡ ಬರೆದ ಎಮ್ಮೆ ನೋಡಲು ಊರಿಂದ ಬಂದಿದ್ದ ಅವನ ಹೆಂಡತಿ ಪಕ್ಕದಲ್ಲೇ ಇದ್ದಳು. ಸೆರಗು ಮುಖಕ್ಕೆಳೆದುಕೊಂಡು ಹೊರಗೆ ಹೋದವಳು ಮತ್ತೆ ಬರಲಿಲ್ಲ. ಮಧ್ಯಾಹ್ನದೊಳಗೆ ಚೀಟಿಗಳನ್ನೆಲ್ಲ ಕಿತ್ತೆ. ಜೈಲರ್ ಸಾಹೇಬರು ನೋಟೀಸು ಕೊಟ್ಟರು, ನಾನು ಉತ್ತರ ಕೊಟ್ಟೆ, ಇಬ್ಬರೂ ಚಹ ಕುಡಿದೆವು. ಅಲ್ಲಿಂದ ನಮ್ಮ ಪ್ರದರ್ಶನಗಳಲ್ಲಿ ಚೀಟಿ ಇಲ್ಲ.

ಇಷ್ಟು ಕಲಿತವನು ಎರಡನೆಯ ತಪ್ಪು ಮಾಡಬಾರದಿತ್ತು. ಮಾಡಿದೆ, ಮತ್ತು ಅದು ದೊಡ್ಡದು.

ಮೌನೇಶ ಎಂಬವನು ಆ ವರ್ಷ ಒಳಗೆ ಬಂದ. ಸಂತೆಕಲ್ಲೂರಿನ ಆಚೆ, ಜೋಳದ ಹೊಲಗಳ ನಡುವಿನ ಒಂದು ಹಳ್ಳಿಯವನು. ಬದುವಿನ ಜಗಳದಲ್ಲಿ ಎದುರಿನವನ ತಲೆ ಒಡೆದಿತ್ತು. ಯಾರ ಕೋಲಿನಿಂದ ಎಂಬುದನ್ನು ಕೋರ್ಟು ಇನ್ನೂ ಹುಡುಕುತ್ತಿತ್ತು. ನಲವತ್ತರ ಆಸುಪಾಸು, ಮಾತು ಕಡಿಮೆ. ಅವನ ಗೆರೆ ನೋಡಿದ ದಿನ ನಾನು ಪೆನ್ಸಿಲು ಕೆಳಗಿಟ್ಟೆ. ಕೈ ಎತ್ತದೆ, ಅಳಿಸದೆ, ಹಣೆಯಿಂದ ಕಾಲುಂಗುರದವರೆಗೆ ಒಂದೇ ಗೆರೆಯಲ್ಲಿ ಇಳಿಯುತ್ತಿದ್ದ.

ಅವನ ತಾಯಿ ಮಾನಮ್ಮ ಭೇಟಿಗೆ ಬಂದಾಗ ವಿಷಯ ತಿಳಿಯಿತು. ಅವರ ಊರಿನ ದ್ಯಾಮವ್ವನ ಗುಡಿಯಲ್ಲಿ ವಿಗ್ರಹವಿಲ್ಲ. ಒಳಗಿನ ಗೋಡೆಯೇ ದೇವಿ. ವರ್ಷಕ್ಕೊಮ್ಮೆ ದೇವಿಯ ಪೂಜೆಗೆ ಮುಂಚೆ ಗೋಡೆಗೆ ಸುಣ್ಣ ಹೊಡೆದು ದೇವಿಯನ್ನು ಹೊಸದಾಗಿ ಬರೆಯುತ್ತಾರೆ. ಬರೆಯುವ ಹಕ್ಕು ಇವರ ಮನೆತನದ್ದು. ಮೌನೇಶನ ಅಜ್ಜ ಬರೆದ, ಅಪ್ಪ ಬರೆದ, ಮೌನೇಶ ಬರೆಯುತ್ತಿದ್ದ.

"ಈಗ ಊರಾಗ ಕುಂತು ಮಾತಾಡ್ಯಾರ್ರೀ, ಮಾಸ್ತರ," ಎಂದಳು ಮಾನಮ್ಮ. "ಜೈಲಿಗೆ ಹೋದ ಕೈ ತಾಯೀನ್ನ ಮುಟ್ಟಬಾರದು ಅಂತ. ಸಿಂಧನೂರಿಂದ ಬೋರ್ಡ್ ಬರಿಯಾಂವನ್ನ ಕರಸ್ತಾರಂತ. ಒಮ್ಮೆ ಗ್ವಾಡಿ ಕೈ ಬಿಟ್ರ ಮತ್ತ ಬರಂಗಿಲ್ರೀ. ಇವ ನಾಳೆ ಹೊರಗ ಬಂದು ಏನ್ ಬರೀಬೇಕು? ಬೀಡಿ ಅಂಗಡಿ ಹೆಸರು?"

ಜಾಲರಿಯ ಆಚೆ ಮೌನೇಶ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ ನಿಂತಿದ್ದ.

ಮುಂದಿನ ತಿಂಗಳು ನಮ್ಮ ಪ್ರದರ್ಶನ ಮಸ್ಕಿಯಲ್ಲಿ, ಒಂದು ಮಠದ ದಾಸೋಹದ ಹಾಲಿನಲ್ಲಿ ಎಂದು ಗೊತ್ತಾಗಿತ್ತು. ಮಠದ ಸ್ವಾಮಿಗಳು, ನಮ್ಮ ಕಡೆಯ ಬಾಯಲ್ಲಿ ಅಜ್ಜಾರು, "ಶರಣರು ದುಡಿದು ಉಂಡವರು. ನಿಮ್ಮವರೂ ದುಡಿದಾರ. ಜಾಗಾ ಕೊಡೋಣ" ಎಂದಿದ್ದರು. ನನಗೆ ಯೋಚನೆ ಹೊಳೆಯಿತು. ಮೌನೇಶ ದ್ಯಾಮವ್ವನನ್ನು ದೊಡ್ಡ ಬಟ್ಟೆಯ ಮೇಲೆ ಬರೆಯಲಿ, ಅವನ ಊರಿನ ಹಿರಿಯರನ್ನು ಮಸ್ಕಿಗೆ ಕರೆಸೋಣ, ಕೈ ಕೆಟ್ಟಿದೆಯೋ ಇಲ್ಲವೋ ಕಣ್ಣಾರೆ ನೋಡಲಿ. ಮೌನೇಶ ಎರಡು ದಿನದ ಮೇಲೆ ಒಪ್ಪಿದ. ಜೈಲಿನ ಹಳೆಯ ಚಾದರವೊಂದನ್ನು ತೊಳೆದು, ಗಂಜಿ ಕೊಟ್ಟು, ಸುಣ್ಣ ಬಳಿದು, ಮೂರು ವಾರ ಬರೆದ. ಆ ಮೂರು ವಾರ ಅವನು ಒಂದೇ ಹೊತ್ತು ಉಂಡನೆಂದು ಅಡುಗೆಯವನು ಆಮೇಲೆ ಹೇಳಿದ.

ಪ್ರದರ್ಶನಕ್ಕೆ ಒಂದು ವಾರವಿರುವಾಗ ಬಟ್ಟೆಯನ್ನು ಆಫೀಸಿನ ಗೋಡೆಗೆ ತೂಗುಹಾಕಿ, ಮುಗಿಯಿತೆಂದು ಹೇಳಿ ತನ್ನ ಬ್ಯಾರಕ್ಕಿಗೆ ಹೋದ. ನಾನು ಎದುರು ಕುಳಿತು ನೋಡಿದೆ. ಕೆಂಪು ಸೀರೆ, ಮಸಿಯ ಜಡೆ, ಅರಿಷಿಣದ ಕೆನ್ನೆ, ಎಲ್ಲ ಸರಿ. ಕಣ್ಣಿನ ಜಾಗದಲ್ಲಿ ಮಾತ್ರ ಎರಡು ಬಿಳಿ ಖಾಲಿ.

ಇಲ್ಲಿ ಡ್ರಾಯಿಂಗ್ ಮಾಸ್ತರರ ಒಂದು ರೋಗದ ಬಗ್ಗೆ ಹೇಳಬೇಕು. ಮಕ್ಕಳು ಕಣ್ಣು ಬರೆಯಲು ಹೆದರುತ್ತವೆ. ಕೆಡುತ್ತದೆಂದು ಕಡೆಗೆ ಬಿಡುತ್ತವೆ, ಕಡೆಗೆ ಬಿಟ್ಟೇಬಿಡುತ್ತವೆ. ಇನ್‌ಸ್ಪೆಕ್ಟರ್ ತಪಾಸಣೆಗೆ ಬರುವ ಹಿಂದಿನ ದಿನ ಮಾಸ್ತರನು ಕುಳಿತು ಇಡೀ ತರಗತಿಯ ಚಿತ್ರಗಳಿಗೆ ಕಣ್ಣು ತುಂಬುತ್ತಾನೆ. ಮೂವತ್ತು ವರ್ಷ ಗಾಂಧೀಜಿಗೆ, ರೈತನಿಗೆ, ನವಿಲಿಗೆ ನಾನು ಬರೆದ ಕಣ್ಣುಗಳಿಂದ ಈ ತಾಲ್ಲೂಕು ನೋಡುತ್ತಿದೆ. ಕೈ ತಾನೇ ಮುಂದೆ ಹೋಯಿತು. ರೆಪ್ಪೆ, ಗುಡ್ಡೆ, ಗುಡ್ಡೆಯೊಳಗೆ ಬೆಳಕಿನ ಒಂದು ಬಿಳಿ ಚುಕ್ಕೆ. ಹತ್ತು ನಿಮಿಷದ ಕೆಲಸ. ಸಮಾಧಾನದಿಂದ ಮನೆಗೆ ಹೋಗಿ ಊಟ ಮಾಡಿದೆ.

ದೇವಿಗೆ ಕಣ್ಣು ಬರೆಯುವುದು ಕಟ್ಟಕಡೆಗೆ, ಅವಳ ಜಾಗದಲ್ಲೇ, ಉಪವಾಸವಿದ್ದು ಬರೆದವನ ಕೈಯಿಂದಲೇ ಎಂಬ ನೇಮವನ್ನು ಮೌನೇಶ ನನಗೆ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇಕೆ ಎಂದುಕೊಂಡಿದ್ದ. ನನಗೆ ಹೇಗೆ ಗೊತ್ತಿರಬೇಕು? ನಮ್ಮದು ಬೌದ್ಧರ ಮನೆ. ನಮ್ಮಪ್ಪ ಬುದ್ಧನಿಗೆ ಶರಣು ಹೋದ ದಿನ ಮನೆಯ ದೇವರ ಗೂಡನ್ನು ಖಾಲಿ ಮಾಡಿ ಅದರಲ್ಲಿ ಪುಸ್ತಕ ಇಟ್ಟ. ಅದಕ್ಕೂ ಮುಂಚೆ ನಮ್ಮವರನ್ನು ಅಂಥ ಗುಡಿಗಳ ಒಳಗೆ ಬಿಡುತ್ತಿರಲಿಲ್ಲ. ಹೊರಗೆ ದೂರ ನಿಂತು ನಮ್ಮಜ್ಜ ಕಂಡ ದೇವಿಗೆ ಕಣ್ಣು ಇದ್ದೇ ಇದ್ದವು. ಯಾವಾಗ ಬಂದವು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಜೈಲಿನಿಂದ ಕರೆ ಬಂತು. ಹೋದೆ. ಮೌನೇಶ ಬಟ್ಟೆಯ ಮುಂದೆ ನೆಲದ ಮೇಲೆ ಕುಳಿತಿದ್ದ. ಮುಂಜಾನೆಯಿಂದ ನೀರು ಮುಟ್ಟಿರಲಿಲ್ಲ.

"ಯಾರ್ ತೆರೆಸಿದ್ರೀ ಕಣ್ಣು?"

"ನಾನಪ್ಪಾ."

"ತೆರದ ಕೂಡ್ಲೆ ಆಕಿ ಎದುರಿಗೆ ಯಾರಿದ್ರೀ? ಮೊದಲ ನೋಟ ಭಾಳ ಉರಿ ಇರತೈತಿ. ನಾವು ಕನ್ನಡಿ ಹಿಡೀತೀವಿ."

"ನಾನೇ ಇದ್ದೆ."

ಅವನು ತಲೆ ಎತ್ತಿ ನನ್ನನ್ನು ಗಾಬರಿಯಿಂದ ನೋಡಿದ. "ನಿಮಗೇನೂ ಆಗಿಲ್ಲಲ್ರೀ?"

"ಮೊಣಕಾಲು ನೋಯಾಕತ್ತೈತಿ."

"ಅದು ಮೊದ್ಲ ಇತ್ತಲ್ರೀ," ಎಂದು ಸಮಾಧಾನ ಹೇಳಿದ. ಅಷ್ಟು ಸಂಕಟದಲ್ಲೂ ಅವನಿಗೆ ನನ್ನ ಚಿಂತೆ. ನನಗೆ ನಾಚಿಕೆಯಾಯಿತು.

ಜೈಲರ್ ಸಾಹೇಬರ ಚಿಂತೆ ಬೇರೆ. ಕೈದಿ ಊಟ ಬಿಟ್ಟರೆ ಮೇಲಕ್ಕೆ ವರದಿ ಹೋಗಬೇಕು. "ಮಾಸ್ತರ, ನೀವು ಬರದ ಎರಡು ಕಣ್ಣಿಗೆ ನಾ ನಾಕು ಪುಟ ಬರೀಬೇಕು. ಜರಾ ಸುಣ್ಣ ಹಚ್ಚಿ ಅಳಿಸಿಬಿಡ್ರಲ್ಲ" ಎಂದರು.

ಮೌನೇಶ ಅವರ ಕಡೆ ತಿರುಗಿದ. "ಸಾಹೇಬರ, ನಿಮ್ಮ ಅವ್ವನ ಕಣ್ಣಿಗೆ ಯಾರರ ಸುಣ್ಣ ಹಚ್ಚತಾರೇನ್ರೀ?"

ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ನೀತಿವಾಕ್ಯ ಯಾವುದೂ ಅವರಿಗೆ ಹೊಳೆಯಲಿಲ್ಲ.

ಕಣ್ಣು ತೆರೆದ ಮೇಲೆ ದೇವಿಗೆ ದಿನವೂ ಎಡೆ ಆಗಬೇಕು. ಅದು ಕಣ್ಣು ತೆರೆಸಿದವನ ಮನೆಯಿಂದಲೇ ಬರಬೇಕು. ಆಕೆ ಉಂಡ ಮೇಲೆ ತಾನು ಉಣ್ಣುವುದು ಎಂದು ಮೌನೇಶ ವಿವರಿಸಿದ. ನಾನು ಅವನನ್ನು ಪಕ್ಕಕ್ಕೆ ಕರೆದು, "ಮೌನೇಶ, ನಾವು ಯಾರ ಪೈಕಿ ಅಂತ ನಿನಗ ಗೊತ್ತೈತೇನು?" ಎಂದು ಕೇಳಿದೆ.

"ಗೊತ್ತೈತ್ರೀ. ಆಕಿಗೂ ಗೊತ್ತಿರಬೇಕಲ್ರೀ. ಮೊದ್ಲು ಆಕಿ ಹಸಿವಿ ನೋಡ್ರಿ."

ಮನೆಯಲ್ಲಿ ಹೆಂಡತಿ ಶಾಂತಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಮಾವನವರು ಹೊರಗ ಹಾಕಿದ ದೇವರನ್ನ ನೀವು ಜೈಲಿನ್ಯಾಗ ಹುಡುಕಿ ತಂದ್ರೇನು? ಆಕಿಗೆ ಪಲ್ಯಾಕ್ಕ ಖಾರ ಎಷ್ಟು ಹಾಕಬೇಕಂತ ಕೇಳಿ ಬಂದೀರಿ, ಇಲ್ಲೋ?"

ಹೀಗೆ ಒಂದು ವಾರ ಮುಂಜಾನೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಜೈಲಿಗೆ ಹೋದೆ. ರೊಟ್ಟಿಯಲ್ಲಿ ಬ್ಲೇಡು ಇದೆಯೇ ಎಂದು ಕಾವಲಿನವನು ಮುರಿದು ನೋಡಬೇಕಿತ್ತು. ಮೊದಲ ದಿನ ಅವನು ಬೂಟು ಕಳಚಿ, ಕೈ ತೊಳೆದುಕೊಂಡು ಬಂದು, ಬಟ್ಟೆಯ ಕಡೆ ತಿರುಗಿ, "ತಾಯಿ, ಡ್ಯೂಟಿ ಐತಿ, ಸಿಟ್ಟಾಗಬ್ಯಾಡ" ಎಂದು ಹೇಳಿ ಮುರಿದ. ಎಡೆಯಾದ ಮೇಲೆ ಮೌನೇಶ ನನ್ನ ಮನೆಯ ರೊಟ್ಟಿಯನ್ನು ಬ್ಯಾರಕ್ಕಿನವರಿಗೆಲ್ಲ ಹಂಚಿ ತಾನೂ ಉಂಡ. ಸಾಹೇಬರ ನಾಲ್ಕು ಪುಟ ಉಳಿಯಿತು. ಆದರೆ ಮೌನೇಶನ ಮುಖ ಗೆಲುವಾಗಲಿಲ್ಲ. ಊರಿನ ಹಿರಿಯರು ಬಂದು ತೆರೆದ ಕಣ್ಣು ನೋಡುತ್ತಾರೆ, ಜೈಲಿನಲ್ಲಿ ನೇಮ ಬಿಟ್ಟನೆಂದು ಎದ್ದು ಹೋಗುತ್ತಾರೆ, ಗೋಡೆ ಹೋಗುತ್ತದೆ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಾಗಿತ್ತು. ದೇವಿಯನ್ನು ತೋರಿಸುವುದೇ ಬೇಡ ಎಂದೆ. "ಕಣ್ಣು ತೆರದಾಕೀನ್ನ ಮುಚ್ಚಿಡಾಕ ಬರಂಗಿಲ್ರೀ. ಆಕಿ ಹೋಗಲಿ, ಊರವರನ್ನ ನೋಡಿ ಬರಲಿ" ಎಂದ.

ಮಸ್ಕಿಯ ಹಾಲಿನಲ್ಲಿ ಚಿತ್ರಗಳನ್ನು ತೂಗುಹಾಕಿದೆವು. ಕೈದಿಗಳು ಬರುವ ಹಾಗಿಲ್ಲ. ಅವರ ಚಿತ್ರಗಳನ್ನು ಒಬ್ಬ ಪೇದೆ ಬಂದೋಬಸ್ತಿನಲ್ಲಿ ತಂದಿದ್ದ. ಜೊತೆಗೆ ಬಂದಿದ್ದ ಜೈಲರ್ ಸಾಹೇಬರು ನನ್ನ ಕಿವಿಯಲ್ಲಿ, "ಮೂರು ಎಳಿ ಚೆಂಡುಹೂವಿನ ಹಾರ ತಂದೀನಿ. ಕಣ್ಣಿನ ಮುಂದ ಇಳಿಬಿಟ್ರ ಯಾರಿಗೂ ಕಾಣಂಗಿಲ್ಲ" ಎಂದರು. ಸತ್ಯ ಹೇಳುತ್ತೇನೆ, ಹಾರವನ್ನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಅವರು ಬಂದರು: ಊರಿನ ಹಿರಿಯ ಅಮರೇಗೌಡರು, ಜೊತೆಗೆ ಇಬ್ಬರು, ಹಿಂದೆ ಮಾನಮ್ಮ.

ಗೌಡರು ದೇವಿಯ ಮುಂದೆ ಕೈಮುಗಿಯಲು ಎತ್ತಿದ ಕೈಗಳನ್ನು ಅರ್ಧಕ್ಕೇ ಇಳಿಸಿದರು.

"ಮೌನ್ಯಾ ಜೈಲಿನ್ಯಾಗ ಕಣ್ಣು ತೆರೆಸ್ಯಾನ," ಎಂದರು ಜೊತೆಯವರಿಗೆ. "ಮುಗೀತು. ನಾ ಕೈ ಕೆಟ್ಟೈತಿ ಅಂದಿದ್ದೆ. ಬುದ್ಧೀನೂ ಕೆಟ್ಟೈತಿ. ನಡೀರಿ."

ಮಾನಮ್ಮ ಗೋಡೆ ಹಿಡಿದುಕೊಂಡು ನಿಂತಳು. ನನ್ನ ಕೈಯಲ್ಲಿ ಇನ್ನೂ ಹಾರವಿತ್ತು.

"ಗೌಡರ, ಕಣ್ಣು ಅವ ಬರದಿಲ್ಲ," ಎಂದೆ. "ನಾ ಬರದೀನಿ. ಅವಗ ಕೇಳಲಿಲ್ಲ. ಸಾಲಿ ಹುಡುಗರ ಚಿತ್ರ ತಿದ್ದಿದಂಗ ತಿದ್ದಿಬಿಟ್ಟೆ."

ಅವರು ತಿರುಗಿದರು. ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದರು. "ನೀವು ಯಾರ ಪೈಕಿರೀ?"

ಈ ಪ್ರಶ್ನೆಗೆ ನಮ್ಮ ಕಡೆ ಒಂದು ಸುತ್ತುದಾರಿಯ ಉತ್ತರ ಉಂಟು: ಡ್ರಾಯಿಂಗ್ ಮಾಸ್ತರರ ಪೈಕಿ ಎನ್ನಬಹುದು. ಅದನ್ನು ಮೂವತ್ತು ವರ್ಷ ಹೇಳಿದ್ದೇನೆ. ಅಂದು ಹೇಳಲಿಲ್ಲ. ನಮ್ಮ ಓಣಿ ಯಾವುದು, ನಮ್ಮಜ್ಜ ಯಾವ ಕೆಲಸಕ್ಕಿದ್ದ, ನಮ್ಮಪ್ಪ ಯಾವ ದಾರಿ ಹಿಡಿದ, ಒಂದು ವಾರದಿಂದ ದೇವಿಗೆ ಎಡೆ ಯಾರ ಒಲೆಯಿಂದ ಹೋಗಿದೆ, ಎಲ್ಲ ಹೇಳಿದೆ.

ಜೊತೆಗೆ ಬಂದವನೊಬ್ಬ, "ಎಡಿ ಸುದ್ದಾ ಕೊಟ್ಟಾರಂತ!" ಎಂದ.

ಆಗ ಮಾನಮ್ಮ ಗೋಡೆ ಬಿಟ್ಟು ಮುಂದೆ ಬಂದಳು. "ಕೊಟ್ಟಾರ. ಆಕಿ ಉಂಡಾಳ. ಒಂದು ವಾರ ಉಂಡಾಕಿ ಒಲ್ಲೆ ಅಂದಿಲ್ಲ, ನಡುವ ನಿಂದೇನಲೇ? ನನ್ನ ಮಗಗ ನೀ ಒಂದು ರೊಟ್ಟಿ ಕಳಿಸೀಯೇನು? ಜೈಲಿನ್ಯಾಗ ಯಾರ್ಯಾರು ಅದಾರ, ಹೆಂಗದಾರ ಅಂತ ಊರಾಗಿನವರು ಯಾರೂ ಹೋಗಿ ನೋಡಲಿಲ್ಲ. ತಾಯಿ ಕಣ್ಣು ತೆರದು ನೋಡ್ಯಾಳ."

ಅವನು ಚಪ್ಪಲಿಯತ್ತ ನೋಡಿದ. ಗೌಡರು ಬಟ್ಟೆಯ ಹತ್ತಿರ ಹೋಗಿ ಸೀರೆಯ ನಿರಿಗೆ, ಕೈಬೆರಳು, ಮೂಗುತಿ ಒಂದೊಂದನ್ನೇ ಬಗ್ಗಿ ನೋಡಿದರು.

"ಉಳಿದದ್ದೆಲ್ಲಾ ಅವಂದು?"

"ಎಲ್ಲಾ ಅವಂದು."

"ಕಣ್ಣು ಬಿಟ್ಟು ಇಟ್ಟಿದ್ದ?"

"ಹೌದ್ರೀ. ಮೂರು ವಾರ ಒಪ್ಪತ್ತು ಉಂಡು ಬರದ, ಕಣ್ಣು ಬಿಟ್ಟು ನನಗೊಪ್ಪಿಸಿದ."

"ಒಳಗಿದ್ದೂ ನೇಮ ಬಿಟ್ಟಿಲ್ಲ ಮಗ," ಎಂದು ಗೌಡರು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಬೇಸರ ಮುಚ್ಚಿಡದೆ, "ಮಾಸ್ತರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕಣ್ಣು ಛಂದಿಲ್ಲ. ತಾಯಿ ಪರೀಕ್ಷಾಕ್ಕ ಕುಂತ ಹುಡುಗಿ ಕಂಡಂಗ ಕಾಣಾಕತ್ಯಾಳ" ಎಂದರು. ನನ್ನ ವೃತ್ತಿಜೀವನದಲ್ಲಿ ನನಗೆ ಸಿಕ್ಕ ಏಕೈಕ ಪ್ರಾಮಾಣಿಕ ಕಲಾವಿಮರ್ಶೆ ಅದು.

ಹಾರವನ್ನು ಅವರೇ ನನ್ನ ಕೈಯಿಂದ ತೆಗೆದುಕೊಂಡು ದೇವಿಯ ಕೊರಳಿಗೆ ಹಾಕಿದರು. ಗೋಡೆಯ ವಿಷಯ ಊರಿಗೆ ಹೋಗಿ ಹೇಳುತ್ತೇವೆ ಎಂದಷ್ಟೇ ಹೇಳಿದರು. ಬಟ್ಟೆಯನ್ನು ಗುಡಿಗೆ ಒಯ್ಯಲು ಒಪ್ಪಲಿಲ್ಲ. ಸಾಹೇಬರ ಸಹಿ ಪಡೆದು ಮಾನಮ್ಮ ತನ್ನ ಮನೆಗೆ ಒಯ್ದಳು. "ಎಡಿ ಇನ್ನ ನಾ ಹಿಡೀತೀನ್ರೀ. ನಿಮ್ಮ ಪಾಳಿ ಮುಗೀತು" ಎಂದಳು. ಮರುದಿನ ಮುಂಜಾನೆಯೂ ಶಾಂತಾ ಡಬ್ಬಿ ಕಟ್ಟಿಟ್ಟಿದ್ದಳು. ಯಾರಿಗೆ ಎಂದು ಕೇಳಿದೆ. "ರೂಢಿ ಬಿದ್ದೈತಿ, ಒಯ್ರಿ. ಆ ಬ್ಯಾರಕ್ಕಿನವರು ಉಂಡಾರು" ಎಂದಳು.

ಅಂದಿನಿಂದ ನಾನು ಜೈಲಿನಲ್ಲಿ ಕುಂಚ ಹಿಡಿಯುವುದನ್ನು ಬಿಟ್ಟೆ. ಖಾಲಿ ಕೈಯಲ್ಲಿ ಹೋಗಿ ಕುಳಿತು ನೋಡುವುದು. ಕಲಿಸಲು ಹೊರಟ ಹೊಸಬರಿಗೆ ಇದು ಪದ್ಧತಿಯೆನಿಸುವುದಿಲ್ಲ, ಸೋಮಾರಿತನವೆನಿಸುತ್ತದೆ. ನಾಲ್ಕು ಜನರ ಚಿತ್ರ ತಿದ್ದಿ ಕೆಡಿಸಿದ ಮೇಲೆ ಅವರಿಗೂ ಅರ್ಥವಾಗುತ್ತದೆ.

ದೇವಿಯ ಪೂಜೆ ಹತ್ತಿರ ಬಂತು. ಮೌನೇಶನ ಜಾಮೀನು ಬರಲಿಲ್ಲ. ಒಂದು ತಾರೀಖಿಗೆ ವಕೀಲರಿಲ್ಲ, ಇನ್ನೊಂದಕ್ಕೆ ಸಾಕ್ಷಿ ಇಲ್ಲ. ಊರಿಂದಲೂ ಖಬರಿಲ್ಲ. ಬೋರ್ಡು ಬರೆಯುವವನು ಬಂದನೋ ಇಲ್ಲವೋ ಎಂದು ಮೌನೇಶ ಕೇಳುತ್ತಿರಲಿಲ್ಲ. ಆದರೆ ಬುಧವಾರ ನಾನು ಒಳಗೆ ಬಂದ ಕೂಡಲೇ ನನ್ನ ಮುಖ ನೋಡುತ್ತಿದ್ದ. ತಡೆಯಲಾಗದೆ ಪೂಜೆಯ ದಿನ ನಾನೇ ಹೊರಟೆ. ಮಸ್ಕಿಯಲ್ಲಿ ಬಸ್ಸು ಇಳಿದು, ಶೇರ್ ಆಟೋದಲ್ಲಿ ತೊಗರಿ ಮೂಟೆಗಳ ಮೇಲೆ ಕುಳಿತು ಆ ಹಳ್ಳಿ ಮುಟ್ಟಿದೆ.

ಗುಡಿಯ ಬಾಗಿಲಿಂದ ಹತ್ತು ಹೆಜ್ಜೆ ಈಚೆಗೆ ನನ್ನ ಕಾಲು ತಾವಾಗಿಯೇ ನಿಂತವು. ನಮ್ಮಜ್ಜ ನಿಂತಿರಬಹುದಾದ ದೂರ ಅದು. ಕಟ್ಟೆಯ ಮೇಲೆ ಕುಳಿತಿದ್ದ ಅಮರೇಗೌಡರು ನನ್ನನ್ನು ಕಂಡರು. ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎದ್ದು ದಾರಿ ಬಿಟ್ಟು ಪಕ್ಕಕ್ಕೆ ನಿಂತರು. ನಾನು ಒಳಗೆ ಹೋದೆ.

ಒಳಗೆ ಗೋಡೆ ಖಾಲಿಯಿತ್ತು. ಹೊಸ ಸುಣ್ಣ, ಮೇಲಿಂದ ಕೆಳಗಿನವರೆಗೆ ಬೆಳ್ಳಗೆ, ಒಂದು ಗೆರೆಯೂ ಇಲ್ಲ. ಅದರ ಮುಂದೆ ದೀಪ, ಎಡೆ, ಹಸಿರು ಬಳೆ, ಕುಪ್ಪಸದ ಕಣ. ಹೆಂಗಸರು ಸಾಲಾಗಿ ಬಂದು ಖಾಲಿ ಗೋಡೆಗೆ ಹಣೆ ಹಚ್ಚಿ ಹೋಗುತ್ತಿದ್ದರು. ಅನೇಕ ಪ್ರದರ್ಶನ ಮಾಡಿದವನು ನಾನು. ಏನೂ ಇಲ್ಲದ ಒಂದು ಗೋಡೆಯನ್ನು ಜನ ಅಷ್ಟು ಹೊತ್ತು ನೋಡಿದ್ದು ಕಂಡಿರಲಿಲ್ಲ.

ಒಬ್ಬ ಮುದುಕಿಯನ್ನು, "ಯವ್ವಾ, ತಾಯಿ ಎಲ್ಲಿ?" ಎಂದು ಕೇಳಿದೆ.

"ಬರೆಯಾಂವ ಒಳಗದಾನಲ್ಲೋ ಯಪ್ಪಾ. ಅವ ಬರೂತನ ಹಿಂಗ. ಗೌಡ ಹೇಳ್ಯಾನ. ತಾಯಿಗೇನು ಅವಸರ?"

ಮರುದಿನ ಬುಧವಾರವಲ್ಲದಿದ್ದರೂ ಜೈಲಿಗೆ ಹೋದೆ. ಜಾಲರಿಯ ಆಚೆ ಮೌನೇಶ ಬಂದು ನಿಂತ. ಕಂಡದ್ದನ್ನೆಲ್ಲ ಹೇಳಿದೆ. ಅವನು ಜಾಲರಿಗೆ ಹಣೆ ಹಚ್ಚಿದ. ಭುಜ ಅಲುಗುತ್ತಿದ್ದವು. ಕಾವಲಿನವನು ಬೇರೆ ಕಡೆ ತಿರುಗಿ ನಿಂತ.

ಆಮೇಲೆ ಮೌನೇಶ ಮುಖ ಒರೆಸಿಕೊಂಡು ಕೇಳಿದ: "ಸುಣ್ಣ ಎಷ್ಟು ಕೈ ಹೊಡದಾರ್ರೀ?"

ನಾನು ನೆನಪಿಸಿಕೊಂಡೆ. ಬಾಗಿಲ ಪಕ್ಕದಲ್ಲಿ ಹಳೆಯ ಕೆಂಪು ಸ್ವಲ್ಪ ಕಾಣುತ್ತಿತ್ತು. "ಎರಡು ಇರಬೇಕು."

"ಮೂರು ಬೇಕ್ರೀ. ಎರಡಕ್ಕ ಬಣ್ಣ ನಿಂದ್ರಂಗಿಲ್ಲ. ಜರಾ ಹೇಳಿ ಬರ್ತೀರೇನ್ರೀ, ಮಾಸ್ತರ?"

ಶಾಲೆಗೆ ರಜೆಯ ಅರ್ಜಿ ಕಳಿಸಿ, ಮಸ್ಕಿಯ ಬಸ್ಸು ಹತ್ತಿದೆ.